ಕಿತ್ತೂರಿನ ದತ್ತಕ ಪತ್ರ ಮತ್ತು ಲೇಖ್ಯಪರೀಕ್ಷೆ

ಸಂಗೊಳ್ಳಿಯೆಂದೊಡನೆ ನಮ್ಮ ನಾಡಿನ ಜನಕ್ಕೆ ನೆನಪಾಗುವದು ಖಡ್ಗ. ಬೈಲಹೊಂಗಲ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಈ ಊರು ರಾಯಣ್ಣನ ಜನ್ಮಸ್ಥಳ. ಲಾವಣಿಕಾರರೂ ನಾಟಕಕಾರರೂ ಆತನನ್ನು ಕಂಡದ್ದು ರಣರಂಗದಲ್ಲಿಯೇ. ಆದರೆ ಕಿತ್ತೂರ ಸಂಸ್ಥಾನದ ಕೊನೆಯ ವರ್ಷಗಳ ವೃತ್ತಾಂತವನ್ನು ಸಾವಧಾನದಿಂದ ಓದುವವರಿಗೆ ಬೇರೊಂದು ಸಂಗತಿಯೂ ಗೋಚರವಾಗುವದು. ಖಡ್ಗಕ್ಕಿಂತ ಮುಂಚೆ ಅಲ್ಲಿ ಒಂದು ಕಾಗದವಿತ್ತು. ಆ ಕಾಗದವು ನಿಜವೋ ಕೃತ್ರಿಮವೋ ಎಂಬ ಪ್ರಶ್ನೆಯಿಂದಲೇ 1824ರ ಯುದ್ಧವು ಹುಟ್ಟಿತು. ಪತ್ರವೊಂದು ಕೈಗೆ ಬಂದಾಗ ಅದನ್ನು ನಂಬಬೇಕೆ ಬಿಡಬೇಕೆ ಎಂಬದನ್ನು ಹೇಗೆ ನಿರ್ಣಯಿಸಬೇಕು, ಹಾಗೆ ನಿರ್ಣಯಿಸಿದ ಮೇಲೆ ಆ ನಿರ್ಣಯದಿಂದ ಎಷ್ಟು ದೂರ ಹೋಗಬಹುದು, ಎಂಬ ಎರಡು ವಿಷಯಗಳನ್ನು ಈ ಪ್ರಸಂಗದ ಆಧಾರದಿಂದ ವಿಚಾರಿಸುವದು ಪ್ರಸ್ತುತ ಲೇಖನದ ಉದ್ದೇಶ. ಇತಿಹಾಸದ ವಿದ್ಯಾರ್ಥಿಗೆ ಇದು ನಿತ್ಯದ ಕೆಲಸ. ಈಚಿನ ಕೆಲವು ವರ್ಷಗಳಲ್ಲಿ ಇದು ಇತಿಹಾಸವನ್ನು ಓದದವರ ಪಾಲಿಗೂ ಬಂದಿದೆ. ಅದನ್ನು ಕೊನೆಯಲ್ಲಿ ಹೇಳುವೆವು.

ಸುಳ್ಳು ಪತ್ರಕ್ಕೆ ನಮ್ಮ ಪ್ರಾಚೀನರು ಬಳಸಿದ ಶಬ್ದ ‘ಕೂಟ’. ಕನ್ನಡದಲ್ಲಿ ಕೂಟವೆಂದರೆ ಸೇರುವಿಕೆ. ಇದು ಅದಲ್ಲ, ವಂಚನೆಯೆಂಬ ಅರ್ಥದ ಸಂಸ್ಕೃತ ಶಬ್ದ. ಕೂಟಸಾಕ್ಷಿ, ಕೂಟತುಲೆ, ಕೂಟಶಾಸನ ಎಂಬ ಸಮಾಸಗಳು ಧರ್ಮಶಾಸ್ತ್ರಗಳಲ್ಲಿ ಬರುತ್ತವೆ. ರಾಜನ ಹೆಸರಿನಲ್ಲಿ ಸುಳ್ಳು ಶಾಸನವನ್ನು ಹುಟ್ಟಿಸಿದವನಿಗೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಧದಂಡವನ್ನು ವಿಧಿಸಿದೆ. ಇದು ಕೇವಲ ಪುಸ್ತಕದ ಮಾತಾಗಿರಲಿಲ್ಲ. ನಮ್ಮ ಇಮ್ಮಡಿ ಪುಲಕೇಶಿಯ ಸಮಕಾಲೀನನಾದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ ಒಂದು ಕುತೂಹಲಕರ ಸಂಗತಿಯುಂಟು. ಸೋಮಕುಂಡಿಕೆಯೆಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನೆಂದು ತಿಳಿದುಬಂದ ಮೇಲೆ, ಹರ್ಷನು ಆ ಶಾಸನವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ದಾನ ಮಾಡಿದನು. ಶಾಸನಗಳು ಇದ್ದಲ್ಲೆಲ್ಲ ಕೂಟಶಾಸನಗಳೂ ಇದ್ದವು; ಬೆಲೆಯಿಲ್ಲದ ನಾಣ್ಯವನ್ನು ಯಾರೂ ಖೋಟಾ ಮಾಡುವದಿಲ್ಲವಷ್ಟೆ.

ಕೂಟವನ್ನು ಕಂಡುಹಿಡಿಯುವ ಕ್ರಮವನ್ನು ವಿವರಿಸಿದ ಗ್ರಂಥಗಳಲ್ಲಿ ನಮಗೆ ಅತ್ಯಂತ ಸಮೀಪವಾದದ್ದು ಮಿತಾಕ್ಷರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನವು ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತೆಂಬದು ಎಲ್ಲರಿಗೂ ತಿಳಿದದ್ದೇ. ಅದರ ಲೇಖ್ಯಪ್ರಕರಣವನ್ನು ಮಾತ್ರ ಓದುವವರು ಕಡಿಮೆ. ಸಂದೇಹಕ್ಕೆ ಒಳಗಾದ ಪತ್ರವನ್ನು ಹೇಗೆ ಶೋಧಿಸಬೇಕೆಂಬದನ್ನು ಮೂಲ ಸ್ಮೃತಿಯು ಕೆಲವೇ ಶಬ್ದಗಳಲ್ಲಿ ಸೂಚಿಸಿದೆ. ವಿಜ್ಞಾನೇಶ್ವರನು ಅವನ್ನು ಬಿಡಿಸಿ ಹೇಳಿದ್ದಾನೆ. ಮೊದಲನೆಯದು ಸ್ವಹಸ್ತ, ಅಂದರೆ ಅದೇ ಮನುಷ್ಯನು ಬೇರೆಡೆ ಬರೆದ ಅಕ್ಷರದೊಡನೆ ಹೋಲಿಸಿ ನೋಡುವದು. ಬಳಿಕ ಯುಕ್ತಿಪ್ರಾಪ್ತಿ: ಈ ದೇಶದಲ್ಲಿ, ಈ ಕಾಲದಲ್ಲಿ, ಈ ಮನುಷ್ಯನಿಗೆ ಈ ದ್ರವ್ಯವು ಹೊಂದುವದೇ ಎಂಬ ವಿಚಾರ. ಕ್ರಿಯೆಯೆಂದರೆ ಸಾಕ್ಷಿಗಳನ್ನು ಮುಂದಿಡುವದು. ಚಿಹ್ನವೆಂದರೆ ಬರೆದವನು ತಪ್ಪದೆ ಬಳಸುವ ಶ್ರೀಕಾರ ಮುಂತಾದ ಅಸಾಧಾರಣ ಗುರುತು. ಸಂಬಂಧವೆಂದರೆ ಈ ಇಬ್ಬರಲ್ಲಿ ಮೊದಲೂ ಪರಸ್ಪರ ವಿಶ್ವಾಸದಿಂದ ಕೊಡುಕೊಳ್ಳುವಿಕೆ ಇತ್ತೇ ಎಂಬದು. ಆಗಮವೆಂದರೆ ಇಷ್ಟು ಅರ್ಥವು ಇವನಿಗೆ ಬರಲು ಸಂಭಾವ್ಯವಾದ ದಾರಿ ಯಾವದು ಎಂಬದು. ಸಾಕ್ಷಿಯಿಲ್ಲದಿದ್ದರೂ ಸ್ವಹಸ್ತದ ಲೇಖವು ಪ್ರಮಾಣವೇ. ಆದರೆ ಬಲಾತ್ಕಾರದಿಂದಲೋ ಕಪಟದಿಂದಲೋ ಬರೆಯಿಸಿಕೊಂಡದ್ದು ಪ್ರಮಾಣವಲ್ಲವೆಂದು ಅದೇ ಪ್ರಕರಣದಲ್ಲಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಪರೀಕ್ಷೆಗಳಲ್ಲಿ ಸ್ವಹಸ್ತ ಮತ್ತು ಚಿಹ್ನಗಳೆರಡು ಮಾತ್ರ ಕಾಗದದ ಮೈಮೇಲೆ ಕಾಣುವಂಥವು. ಉಳಿದವೆಲ್ಲ ಕಾಗದದ ಹೊರಗಿನವು.

ಈಗ ಕಿತ್ತೂರಿನ ಪತ್ರಕ್ಕೆ ಬರೋಣ. ಮಲ್ಲಸರ್ಜ ದೇಸಾಯಿಯು 1816ರಲ್ಲಿ ತೀರಿಕೊಂಡ ಮೇಲೆ ಆತನ ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ದೇಸಗತಿಗೆ ಬಂದನು. 1818ರಲ್ಲಿ ಪೇಶವಾಯಿಯು ಮುರಿದು ಬೀಳುತ್ತಿದ್ದಾಗ, ಬೆಳಗಾವಿಯ ಕೋಟೆಯನ್ನು ಮುತ್ತಿದ್ದ ಥಾಮಸ್ ಮನ್ರೋನ ಪಕ್ಷವನ್ನು ಈತನು ವಹಿಸಿದನು. ಕಂಪನಿ ಸರಕಾರವು ಸಂಸ್ಥಾನವನ್ನು ಆತನಿಗೆ ಮುಂದುವರಿಸಿತು. ಆತನಿಗೆ ಮಕ್ಕಳಿರಲಿಲ್ಲ, ದೇಹಸ್ವಾಸ್ಥ್ಯವೂ ಇರಲಿಲ್ಲ. ಮಾಸ್ತಮರಡಿಯ ಬಾಳಪ್ಪಗೌಡನ ಮಗನಾದ ಶಿವಲಿಂಗಪ್ಪನೆಂಬ ಬಾಲಕನನ್ನು ತಾನು ದತ್ತಕ ತೆಗೆದುಕೊಂಡಿರುವದಾಗಿ ದೇಸಾಯಿಯು ಬರೆದನೆನ್ನಲಾದ ಪತ್ರವು, 1824ರ ಸಪ್ಟೆಂಬರ 12ರಂದು ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆದ ಸೇಂಟ್ ಜಾನ್ ಥ್ಯಾಕರೆಯ ಕೈಸೇರಿತು. ಅದರ ಮೇಲಿದ್ದ ತೇದಿ ಜುಲೈ 10. (ಮುಂದೆ ಪ್ರಸಿದ್ಧನಾದ ಕಾದಂಬರಿಕಾರ ಥ್ಯಾಕರೆಗೆ ಈತನು ಚಿಕ್ಕಪ್ಪನಾಗಬೇಕು.) ಪತ್ರದೊಡನೆ ದೇಸಾಯಿಯ ಪ್ರಾಣಾಂತಿಕ ಅಸ್ವಾಸ್ಥ್ಯದ ವರ್ತಮಾನವೂ ಬಂದಿತು. ಥ್ಯಾಕರೆಯು ಸಿವಿಲ್ ಸರ್ಜನನನ್ನು ಕಿತ್ತೂರಿಗೆ ಕಳಿಸಿದನು. ವೈದ್ಯನು ಮುಟ್ಟುವ ಹೊತ್ತಿಗೆ ದೇಸಾಯಿಯು ಬದುಕಿರಲಿಲ್ಲ. ಪತ್ರದ ಸಹಿಯು ದೇಸಾಯಿಯದಲ್ಲ, ದತ್ತಕವು ನಡೆದಿದ್ದರೆ ಮರಣಾನಂತರ ನಡೆದದ್ದು, ಎಂದು ಥ್ಯಾಕರೆಯು ನಿರ್ಧರಿಸಿದನು. ತಾನೇ ಕಿತ್ತೂರಿಗೆ ಬಂದು ಭಂಡಾರಕ್ಕೆ ಮುದ್ರೆಯೊತ್ತಿಸಿ ಕಾವಲಿಟ್ಟನು. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಏನು ನಡೆಯಿತೆಂಬದು ಪ್ರಸಿದ್ಧವಾಗಿಯೇ ಇದೆ; 2024ರಲ್ಲಿ ಅದರ ಇನ್ನೂರನೆಯ ವರ್ಷವನ್ನು ನಾಡು ಆಚರಿಸಿತು. ಥ್ಯಾಕರೆಯು ಅಂದು ಮಡಿದನು. ಡಿಸೆಂಬರ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯಕ್ಕೆ ಕೋಟೆಯು ವಶವಾಯಿತು.

ಈ ಪತ್ರದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಬರವಣಿಗೆಯುಂಟು. ಸ್ಟೋಕ್ಸನು 1870ರಲ್ಲಿ ಬರೆದ ಬೆಳಗಾವಿ ಜಿಲ್ಲೆಯ ಇತಿಹಾಸ, 1884ರ ಗ್ಯಾಝೆಟಿಯರ ಮೊದಲಾದವು ಸರಕಾರೀ ದಫ್ತರವನ್ನು ಅನುಸರಿಸಿ, ಕೃತ್ರಿಮವು ಸಿದ್ಧವಾಯಿತೆಂಬಂತೆ ಹೇಳಿಬಿಡುತ್ತವೆ. ಕನ್ನಡದಲ್ಲಿ ಬರೆದ ಅನೇಕರು ಇದಕ್ಕೆ ಪ್ರತಿಯಾಗಿ, ಪತ್ರವು ಅಕ್ಷರಶಃ ನಿಜವೆಂದೂ ಥ್ಯಾಕರೆಯ ಶಂಕೆಯೆಲ್ಲವೂ ಕೇವಲ ದುರುದ್ದೇಶವೆಂದೂ ಸಾಧಿಸಲು ಹೊರಡುತ್ತಾರೆ. ಈ ಎರಡನೆಯ ಪಕ್ಷಕ್ಕೆ ಪತ್ರವನ್ನು ನಿಜವೆಂದು ಸ್ಥಾಪಿಸದಿದ್ದರೆ ರಾಣಿ ಚೆನ್ನಮ್ಮನ ನ್ಯಾಯವು ಕುಂದೀತೆಂಬ ಭಯವಿರುವಂತೆ ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಆ ಭಯಕ್ಕೆ ಆಸ್ಪದವಿಲ್ಲ.

ವಿಜ್ಞಾನೇಶ್ವರನ ಪರೀಕ್ಷೆಗಳನ್ನೇ ಹಚ್ಚಿ ನೋಡಬಹುದು. ಸ್ವಹಸ್ತದ ಮಟ್ಟಿಗೆ, ಆರು ವರ್ಷಗಳ ವ್ಯವಹಾರದಲ್ಲಿ ದೇಸಾಯಿಯ ಸಹಿಯುಳ್ಳ ಪತ್ರಗಳು ಕಂಪನಿಯ ದಫ್ತರದಲ್ಲಿ ಸೇರಿರಲೇಬೇಕು, ಹೋಲಿಕೆಗೆ ಆಧಾರವಿತ್ತು. ಆದರೆ ಮರಣಶಯ್ಯೆಯಲ್ಲಿದ್ದವನ ಕೈ ಆರೋಗ್ಯವಂತನ ಕೈಯಂತೆ ಓಡುವದಿಲ್ಲ. ಸಹಿಯು ಭಿನ್ನವಾಗಿದೆಯೆಂಬಷ್ಟರಿಂದಲೇ ಅದು ಪರಹಸ್ತವೆಂದು ತೀರ್ಮಾನಿಸುವದು ಆತುರದ ಮಾತು. ಯುಕ್ತಿಪ್ರಾಪ್ತಿಯ ಪರೀಕ್ಷೆಯಲ್ಲಿ ಮಾತ್ರ ಪತ್ರವು ನಿಜವಾಗಿ ತೊಡಕಿಗೆ ಸಿಕ್ಕುತ್ತದೆ. ಕಿತ್ತೂರಿನಿಂದ ಧಾರವಾಡವು ಕುದುರೆಸವಾರನಿಗೆ ಒಂದೇ ದಿನದ ದಾರಿ. ಜುಲೈ 10ರಂದು ಬರೆದ ಪತ್ರವು ಎರಡು ತಿಂಗಳು ಕಿತ್ತೂರಿನಲ್ಲಿಯೇ ಇದ್ದು, ಬರೆದವನು ಕಣ್ಣುಮುಚ್ಚುವ ಹೊತ್ತಿಗೆ ಸರಿಯಾಗಿ ಹೊರಟುಬಂದದ್ದು ಏಕೆ? ಚೇತರಿಸಿಕೊಳ್ಳುವ ಆಸೆಯಿದ್ದ ರೋಗಿಯು ಪತ್ರವನ್ನು ಸಿದ್ಧಪಡಿಸಿಟ್ಟು ಕಳಿಸುವದನ್ನು ಮುಂದೂಡಿರಬಹುದೆಂದು ಉತ್ತರವನ್ನು ಕೊಡಬಹುದು. ಅಸಂಭವವೇನಲ್ಲ. ಆದರೂ ತೇದಿಯನ್ನು ಹಿಂದಕ್ಕೆ ಹಾಕಿರಬಹುದೆಂಬ ಶಂಕೆಯು ಇಂಥ ಸನ್ನಿವೇಶದಲ್ಲಿ ಯಾವ ಅಧಿಕಾರಿಗಾದರೂ ಬರತಕ್ಕದ್ದೇ. ಆ ಶಂಕೆಗಾಗಿ ಥ್ಯಾಕರೆಯನ್ನು ನಿಂದಿಸಲಾಗದು. ಅಷ್ಟೇ ಅಲ್ಲ, ಪತ್ರವನ್ನು ತಂದವರ ಮಾತಿಗೇ ಜೋತುಬೀಳದೆ, ಪತ್ರಕ್ಕೆ ಸಂಬಂಧಪಡದ ಒಬ್ಬನನ್ನು ಬೇರೆಯಾಗಿ ಕಳಿಸಿ ನಿಜಸ್ಥಿತಿಯನ್ನು ತಿಳಿಯಲೆತ್ನಿಸಿದ್ದು ಪರೀಕ್ಷಾಕ್ರಮದಲ್ಲಿ ನಿರ್ದುಷ್ಟವಾದ ಹೆಜ್ಜೆ. ಸಂದೇಶದ ಸತ್ಯವನ್ನು ಸಂದೇಶವಾಹಕನಿಂದಲೇ ತಿಳಿಯಲು ಬಾರದು.

ದೋಷವು ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಪತ್ರವು ಕೃತ್ರಿಮವೆಂದೇ ಇಟ್ಟುಕೊಳ್ಳೋಣ. ಅದರಿಂದ ಸಿದ್ಧವಾಗುವದು ಪತ್ರದ ಕೃತ್ರಿಮತೆ ಮಾತ್ರ, ದತ್ತಕದ ಅಸಿಂಧುತ್ವವಲ್ಲ. ಹಿಂದೂ ಧರ್ಮಶಾಸ್ತ್ರದಂತೆ ದತ್ತಕಕ್ಕೆ ಬೇಕಾದದ್ದು ಕೊಡುವದು ಮತ್ತು ಕೊಳ್ಳುವದು; ಪತ್ರವು ಅದರ ಸಾಕ್ಷ್ಯವೇ ಹೊರತು ಅದರ ಶರೀರವಲ್ಲ. ಪತಿಯು ತೀರಿಕೊಂಡ ಮೇಲೆ ವಿಧವೆಯೂ ದತ್ತಕ ತೆಗೆದುಕೊಳ್ಳಬಹುದೆಂಬದು ಮುಂಬಯಿ ಪ್ರಾಂತದಲ್ಲಿ ಮಾನ್ಯವಾಗಿದ್ದ ಪಕ್ಷ. 1868ರಲ್ಲಿ ಮಧುರೆಯ ಕಲೆಕ್ಟರನ ಪ್ರಸಿದ್ಧ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲು ದೇಶದ ಬೇರೆ ಬೇರೆ ಭಾಗಗಳ ಸಂಪ್ರದಾಯಗಳನ್ನು ಎಣಿಸುವಾಗ, ಪಶ್ಚಿಮ ಭಾರತದಲ್ಲಿ ವಿಧವೆಗೆ ಪತಿಯ ಸ್ಪಷ್ಟ ಅನುಜ್ಞೆಯಿಲ್ಲದೆಯೂ ಈ ಅಧಿಕಾರವಿದೆಯೆಂಬ ಮತವನ್ನು ನಮೂದಿಸಿದೆ. ಮರಣಾನಂತರದ ದತ್ತಕವೆಂಬಷ್ಟರಿಂದಲೇ ಅದು ಶೂನ್ಯವಾಗುತ್ತಿರಲಿಲ್ಲವೆಂದಾಯಿತು. ಸಂಸ್ಥಾನದ ಉತ್ತರಾಧಿಕಾರಕ್ಕೆ ಸರಕಾರದ ಒಪ್ಪಿಗೆ ಬೇಕೆಂಬದು ಕಂಪನಿಯ ವಾದ. ಅದು ರಾಜನೀತಿಯ ಪ್ರಶ್ನೆ, ಲೇಖ್ಯಪರೀಕ್ಷೆಯ ಪ್ರಶ್ನೆಯಲ್ಲ. ಇವೆರಡನ್ನೂ ಕೂಡಿಸಿ, ‘ಸಹಿ ಸುಳ್ಳು, ಆದ್ದರಿಂದ ಸಂಸ್ಥಾನ ನಮ್ಮದು’ ಎಂಬ ಅನುಮಾನವನ್ನು ಹೂಡಿದಲ್ಲಿ ತರ್ಕವು ಜಾರಿತು.

ಇನ್ನೊಂದು ದೋಷವೂ ಉಂಟು. ಪತ್ರವನ್ನು ಪರೀಕ್ಷಿಸಿದವರು ಯಾರು? ಅದು ಸುಳ್ಳಾದರೆ ಸಂಸ್ಥಾನವು ಯಾರಿಗೆ ಸೇರುವದೋ ಅವರೇ. ಸಾಕ್ಷಿ ಹೇಳಬಲ್ಲವರೆಲ್ಲರೂ ಕಿತ್ತೂರಿನ ಅನ್ನವನ್ನುಂಡವರು. ವಿಚಾರಣೆ ನಡೆಸಬಲ್ಲವರೆಲ್ಲರೂ ಕಂಪನಿಯ ಸಂಬಳವನ್ನು ತೆಗೆದುಕೊಳ್ಳುವವರು. ಹೀಗೆ ಪ್ರತಿವಾದಿಯೇ ನ್ಯಾಯಾಧೀಶನಾದಲ್ಲಿ ಪರೀಕ್ಷೆಯ ಕ್ರಮವು ಎಷ್ಟೇ ಶುದ್ಧವಾಗಿದ್ದರೂ ನಿರ್ಣಯಕ್ಕೆ ಮನ್ನಣೆ ದೊರೆಯದು. ಚೆನ್ನಮ್ಮ ರಾಣಿಯ ನ್ಯಾಯವು ನಿಂತಿರುವದು ಇಲ್ಲಿ. ಒಂದು ಸಹಿಯ ಗೆರೆಗಳ ಮೇಲೆ ಅದನ್ನು ನಿಲ್ಲಿಸುವದು ಆ ನ್ಯಾಯವನ್ನೇ ಹಗುರಾಗಿಸಿದಂತೆ.

ಅಕ್ಟೋಬರ 23ರಂದು ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ಟನು ಒಬ್ಬನು. ಡಿಸೆಂಬರದ ಆರಂಭದಲ್ಲಿ ಅವನನ್ನು ಸುರಕ್ಷಿತವಾಗಿ ಬಿಟ್ಟುಕೊಟ್ಟರು. ಕರ್ಣಾಟಕದ ಇತಿಹಾಸಕ್ಕೆ ಇದು ಒಂದು ದೊಡ್ಡ ಲಾಭವೆನ್ನಬೇಕು; ಏಕೆಂದರೆ ಮುಂದಿನ ವರ್ಷಗಳಲ್ಲಿ ಇವನೇ ಈ ಪ್ರಾಂತದ ಊರೂರುಗಳಲ್ಲಿ ಶಿಲಾಶಾಸನಗಳ ಪ್ರತಿಗಳನ್ನು ಮಾಡಿಸಿದನು. ‘ಕರ್ಣಾಟಕ ದೇಶದ ಶಾಸನಗಳು’ ಎಂಬ ಅವನ ಹಸ್ತಪ್ರತಿ ಸಂಗ್ರಹದಲ್ಲಿ 595 ಲೇಖಗಳಿದ್ದವು. ಅದನ್ನು ಆಧಾರವಾಗಿ ಇಟ್ಟುಕೊಂಡು ದುಡಿದವನು ಜೆ. ಎಫ್. ಫ್ಲೀಟ್. ಸವದತ್ತಿಯ ರಟ್ಟರ ಶಾಸನಗಳನ್ನೂ ಹಲಸಿಯ ಕದಂಬರ ತಾಮ್ರಪಟಗಳನ್ನೂ ಬೆಳಕಿಗೆ ತಂದ ಇವನಿಗೆ ಕೂಟಶಾಸನಗಳ ಪರಿಚಯವು ಬೇಗನೆ ಆಯಿತು. ಮೊದಲನೆಯ ಪುಲಕೇಶಿಯ ಹೆಸರಿನಲ್ಲಿರುವ ಆಳ್ತೆಯ ತಾಮ್ರಪಟವು ಶಕ 411ನೆಯ ವರ್ಷವನ್ನು ಹೇಳುತ್ತದೆ. ಆ ಅರಸನ ಕಾಲಕ್ಕೆ ಅದು ಹೊಂದುವದಿಲ್ಲವಾದ್ದರಿಂದ ಫ್ಲೀಟನು ಅದನ್ನು ಕೃತ್ರಿಮವೆಂದು ತೆಗೆದುಹಾಕಿದನು. ಅಕ್ಷರದ ಕಾಲ, ತಿಥಿವಾರಗಳ ಗಣಿತ, ವಂಶಾವಳಿಯ ಹೊಂದಿಕೆ, ಇವು ಅವನ ಒರೆಗಲ್ಲುಗಳು. 1901ರ ಇಂಡಿಯನ್ ಎಂಟಿಕ್ವರಿಯಲ್ಲಿ ಇಂಥ ಕೃತ್ರಿಮ ಲೇಖಗಳ ಒಂದು ದೀರ್ಘ ಪಟ್ಟಿಯನ್ನೇ ಅವನು ಕೊಟ್ಟನು.

ಆದರೆ ಇಲ್ಲಿಯೂ ಕಿತ್ತೂರಿನ ಜಾರುವಿಕೆಯೇ ಮತ್ತೊಮ್ಮೆ ಆಯಿತು. ತಲಕಾಡಿನ ಗಂಗರ ಆರಂಭದ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಸಾಧಿಸಿದ ಫ್ಲೀಟನು, ಅಲ್ಲಿ ಹೇಳಿದ ಪ್ರಾಚೀನ ಗಂಗ ಅರಸರ ಪರಂಪರೆಯನ್ನೇ ಕಲ್ಪಿತವೆಂದು ತಳ್ಳಿಹಾಕಿದನು. ಮೈಸೂರಿನ ರೈಸನು ಅದನ್ನು ಒಪ್ಪಲಿಲ್ಲ. ಅನೇಕ ವರ್ಷಗಳ ವಾಗ್ವಾದವಾದ ಮೇಲೆ ಪೆನುಗೊಂಡೆಯ ತಾಮ್ರಪಟಗಳು ದೊರೆತವು. ಅವು ಪ್ರಾಮಾಣಿಕವೆಂದು ಫ್ಲೀಟನೇ ಒಪ್ಪಿಕೊಂಡನು. ಹಲವು ಪತ್ರಗಳು ಸುಳ್ಳಾಗಿದ್ದವು, ವಂಶವು ಮಾತ್ರ ನಿಜವಾಗಿತ್ತು. ಸುಳ್ಳು ಶಾಸನವನ್ನು ಬರೆಸುವವನು ನಿಜವಾದ ಅರಸನ ಹೆಸರನ್ನೇ ಹುಡುಕುತ್ತಾನೆಂಬದನ್ನು ಮರೆಯಬಾರದು.

ಸಂಗೊಳ್ಳಿಗೆ ಮರಳೋಣ. ರಾಯಣ್ಣನು ಕಿತ್ತೂರಿನ ಶೇತಸನದಿಯಾಗಿದ್ದನು. ಊರಿನ ಕಾವಲು ಹಾಗೂ ಸೈನ್ಯಸೇವೆಗಾಗಿ ಸನದಿನ ಮೂಲಕ ಹೊಲವನ್ನು ಅನುಭವಿಸುವವನೇ ಶೇತಸನದಿ. ಆ ಪದವಿಯ ಹೆಸರಿನಲ್ಲಿಯೇ ಕಾಗದವಿದೆ. ಸಂಸ್ಥಾನವು ಹೋದ ಮೇಲೆ ಅಂಥ ಹೊಲಗಳ ಹಕ್ಕು ಹೊಸ ದಫ್ತರದ ಲೆಕ್ಕಕ್ಕೆ ಬಿದ್ದಿತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ ರಾಣಿಯು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ರಾಯಣ್ಣನು ದಂಗೆಯೆದ್ದದ್ದು ಅದೇ ಶಿವಲಿಂಗಪ್ಪನ ಹೆಸರಿನಲ್ಲಿ. ಧಾರವಾಡದ ಕಚೇರಿಯು ಆ ಬಾಲಕನ ದತ್ತಕವನ್ನು ಇಲ್ಲವೆಂದಿತ್ತು. ಸಂಗೊಳ್ಳಿ ಸುತ್ತಣ ಹಳ್ಳಿಗಳ ಜನಕ್ಕೆ ಅದು ಪತ್ರವನ್ನು ನೋಡಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ದಂಗೆಯವರು ಬೀಡಿಯ ಸರಕಾರೀ ಕಚೇರಿಯನ್ನು ಸುಟ್ಟರು. ಇತಿಹಾಸಕಾರನಿಗೆ ಸುಟ್ಟ ದಫ್ತರವೆಂದರೆ ಹೊಟ್ಟೆ ಉರಿಯುವ ಮಾತು. ಆದರೆ ಯಾರ ಹಕ್ಕು ಆ ದಫ್ತರದಿಂದಲೇ ಅಳಿಸಿಹೋಗಿತ್ತೋ ಅವರು ಅದನ್ನು ಹೇಗೆ ನೋಡಿದರೆಂಬದೂ ತಿಳಿಯದಿರದು. ಕೊನೆಗೆ ರಾಯಣ್ಣನನ್ನು ಕೆಡವಿದ್ದು ಸೈನ್ಯವಲ್ಲ. ಖೋದಾನಪುರ, ನೇಗಿನಹಾಳಗಳ ಗೌಡರು ಮಿತ್ರರೆಂದು ಒಳಹೊಕ್ಕು ವಿಶ್ವಾಸವನ್ನು ಗಳಿಸಿದರು. 1830ರ ಏಪ್ರಿಲದಲ್ಲಿ ಡೋರಿ ಬೆಣಚಿಯ ಹಳ್ಳದಲ್ಲಿ ಆತನು ನಿರಾಯುಧನಾಗಿದ್ದಾಗ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ವಿಜ್ಞಾನೇಶ್ವರನ ಸಂಬಂಧ ಪರೀಕ್ಷೆಯು, ಮೊದಲಿನಿಂದ ವಿಶ್ವಾಸವಿತ್ತೇ ಎಂದು ಕೇಳುವ ಪರೀಕ್ಷೆಯು, ಹೊಸ ಮಿತ್ರರ ವಿಷಯದಲ್ಲಿ ಎಷ್ಟು ಅವಶ್ಯವೆಂಬದಕ್ಕೆ ಈ ಪ್ರಾಂತದಲ್ಲಿ ಬೇರೆ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಇದರ ಮುಂದಿನ ಪೀಳಿಗೆಯಲ್ಲಿ ಪತ್ರಪರೀಕ್ಷೆಯು ಸರಕಾರದ ಒಂದು ಖಾತೆಯೇ ಆಯಿತು. ದಕ್ಷಿಣ ಮರಾಠಾ ಪ್ರಾಂತದಲ್ಲಿ 1843ರಲ್ಲಿ ಇನಾಮುಗಳ ವಿಚಾರಣೆಯು ಆರಂಭವಾಗಿ, 1852ರ ಹನ್ನೊಂದನೆಯ ಕಾಯಿದೆಯಿಂದ ಇನಾಮ್ ಕಮಿಷನ್ ಸ್ಥಿರಗೊಂಡಿತು. ಸನದನ್ನು ತೋರಿಸಿರಿ, ಇಲ್ಲವೆ ಹೊಲವನ್ನು ಬಿಡಿರಿ ಎಂಬದು ಅದರ ಸಾರ. ಸುಳ್ಳು ಸನದುಗಳು ಬಹಳಷ್ಟು ಇದ್ದವೆಂಬದರಲ್ಲಿ ಸಂದೇಹವಿಲ್ಲ. ಗೆದ್ದಲು ತಿಂದ, ಮಳೆಗೆ ನೆನೆದ, ದಾಯಾದಿಯ ಪಾಲಿಗೆ ಹೋದ ನಿಜವಾದ ಸನದುಗಳೂ ಬಹಳಷ್ಟಿದ್ದವು. ಇಲ್ಲಿಯೂ ಪರೀಕ್ಷಕನೇ ಲಾಭದ ಅಧಿಕಾರಿ. 1858ರ ಮೇ 29ರಂದು ರಾಮದುರ್ಗ ಸೀಮೆಯ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರಿಂದ ಹತನಾದ ಮ್ಯಾನ್ಸನನು ಮೊದಲು ಇನಾಮ್ ಕಮಿಷನ್ನಿನ ಅಧಿಕಾರಿಯಾಗಿದ್ದವನು. ಬಾಬಾಸಾಹೇಬನಿಗೂ ದತ್ತಕದ ಅನುಮತಿಯನ್ನು ನಿರಾಕರಿಸಿದ್ದರೆಂಬದನ್ನು ಇಲ್ಲಿ ಜ್ಞಾಪಿಸಿದರೆ ಸಾಕು.

ಇನ್ನು ಸದ್ಯದ ವಿಷಯ. ಕೂಟಶಾಸನವು ತಾಮ್ರದಿಂದ ಕಾಗದಕ್ಕೆ ಬಂದಂತೆ ಈಗ ಕೈಯಲ್ಲಿಯ ಫೋನಿಗೆ ಬಂದಿದೆ. ದಿಲ್ಲಿಯ ಅಥವಾ ಮುಂಬಯಿಯ ಪೊಲೀಸರು, ಸಿ.ಬಿ.ಐ., ಜಾರಿ ನಿರ್ದೇಶನಾಲಯ, ಕೆಲವೊಮ್ಮೆ ಸುಪ್ರೀಂ ಕೋರ್ಟು, ಇವರ ಮುದ್ರೆಯುಳ್ಳ ಪತ್ರವು ವಾಟ್ಸ್ಯಾಪಿನಲ್ಲಿ ಬರುತ್ತದೆ. ಸಮವಸ್ತ್ರವನ್ನು ಧರಿಸಿದವನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನ ಸಿಮ್ಮಿನಿಂದ ಅಪರಾಧವು ನಡೆದಿದೆ, ನೀವು ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ, ಕ್ಯಾಮೆರಾದ ಮುಂದಿನಿಂದ ಏಳಕೂಡದು, ಯಾರಿಗೂ ಹೇಳಕೂಡದು, ತನಿಖೆಯು ಮುಗಿಯುವವರೆಗೆ ಹಣವನ್ನು ಇಂಥ ಖಾತೆಗೆ ಹಾಕಬೇಕು ಎನ್ನುತ್ತಾನೆ. 2024ರ ಅಕ್ಟೋಬರದಲ್ಲಿ ಪ್ರಧಾನಮಂತ್ರಿಗಳು ತಮ್ಮ ಮಾಸಿಕ ಆಕಾಶವಾಣಿ ಭಾಷಣದಲ್ಲಿ ಇಂಥ ಬಂಧನವು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದು ದೇಶಕ್ಕೆ ಹೇಳಬೇಕಾಯಿತು. ಅದಾದ ಐದು ತಿಂಗಳಿಗೆ, 2025ರ ಮಾರ್ಚಿನಲ್ಲಿ, ರಾಯಣ್ಣನ ಸಮಾಧಿಯಿರುವ ಖಾನಾಪುರ ತಾಲೂಕಿನಲ್ಲಿಯೇ ವೃದ್ಧ ದಂಪತಿಗಳು ಇಂಥ ಕರೆಗಳ ಪೀಡೆಯಿಂದ ಪ್ರಾಣವನ್ನು ಕಳೆದುಕೊಂಡರು. ಮುದ್ರೆಯೊತ್ತಿದ ಕಾಗದಕ್ಕೆ ಹೆದರುವದು ಈ ಸೀಮೆಯ ಜನಕ್ಕೆ ಎರಡು ನೂರು ವರ್ಷಗಳಿಂದ ಅಭ್ಯಾಸವಾಗಿದೆ. ಅವರನ್ನು ಅಜ್ಞರೆನ್ನುವದು ಸಲ್ಲದು; ವಿದ್ಯಾವಂತರೂ ನಿವೃತ್ತ ನೌಕರರೂ ಇದರಲ್ಲಿ ಸಾಕಷ್ಟು ಮಂದಿ ಸಿಕ್ಕಿಬಿದ್ದಿದ್ದಾರೆ.

ನಮ್ಮ ತರಗತಿಗಳಲ್ಲಿ ಲಿಪಿಶಾಸ್ತ್ರವನ್ನು ಕಲಿಸುವಾಗ ಇಂಥ ಒಂದು ಪತ್ರವನ್ನೂ ಹಲಗೆಯ ಮೇಲೆ ಇಟ್ಟು, ಮಿತಾಕ್ಷರೆಯ ಕ್ರಮದಿಂದಲೇ ಪರೀಕ್ಷಿಸಬಹುದು. ಚಿಹ್ನವು ಇಲ್ಲಿ ಅತ್ಯಂತ ದುರ್ಬಲ. ಲಾಂಛನ, ಮುದ್ರೆ, ಸಹಿ, ಅಧಿಕಾರಿಯ ಭಾವಚಿತ್ರ, ಎಲ್ಲವನ್ನೂ ನಿಜವಾದ ಪತ್ರದಿಂದ ಎತ್ತಿಕೊಳ್ಳಲು ಬರುತ್ತದೆ. ಪರಿಚಿತರ ಧ್ವನಿಯನ್ನು ಸಹ ಈಗ ಯಂತ್ರದಿಂದ ಹುಟ್ಟಿಸುತ್ತಾರೆ. ಜನರು ಮೊದಲು ನೋಡುವದು ಮಾತ್ರ ಅದನ್ನೇ. ಯುಕ್ತಿಪ್ರಾಪ್ತಿಯನ್ನು ಕೇಳಿದೊಡನೆ ಪತ್ರವು ಕುಸಿಯುತ್ತದೆ: ಯಾವ ನ್ಯಾಯಾಲಯವು ವಿಡಿಯೋ ಕರೆಯ ಮೂಲಕ ಮನುಷ್ಯನನ್ನು ಬಂಧಿಸುತ್ತದೆ? ಯಾವ ಪೊಲೀಸ ಠಾಣೆಯು ತನಿಖೆಗೆಂದು ಆರೋಪಿಯ ಹಣವನ್ನು ಖಾಸಗೀ ಖಾತೆಗೆ ಹಾಕಿಸಿಕೊಳ್ಳುತ್ತದೆ? ಆಗಮವನ್ನು ಕೇಳಿದರೆ ಬಹುಮಾನದ ಸಂದೇಶಗಳೆಲ್ಲ ಬೀಳುತ್ತವೆ; ಚೀಟಿಯನ್ನೇ ಕೊಳ್ಳದವನಿಗೆ ಲಾಟರಿಯು ಯಾವ ದಾರಿಯಿಂದ ಬಂದಿತು? ಹಣವನ್ನು ಪಡೆಯುವದಕ್ಕೆ ಯು.ಪಿ.ಐ. ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ, ಅದನ್ನು ಒತ್ತಿದರೆ ಹಣವು ಹೋಗುವದೇ ಹೊರತು ಬರುವದಿಲ್ಲ. ಸಂಬಂಧವನ್ನಂತೂ ಕೇಳುವದೇ ಬೇಡ.

ಕ್ರಿಯೆ, ಅಂದರೆ ಸಾಕ್ಷಿ, ಇದರ ವಿಷಯವಾಗಿ ಒಂದು ಮಾತು ವಿಶೇಷವಾಗಿ ಹೇಳತಕ್ಕದ್ದಿದೆ. ನಿಜವಾದ ವ್ಯವಹಾರವು ಸಾಕ್ಷಿಯನ್ನು ಬೇಡುತ್ತದೆ. ಪಂಚರನ್ನು ಕರೆಯುವದು, ಓದಿ ಹೇಳುವದು, ಸಹಿ ಹಾಕಿಸುವದು ಇವೆಲ್ಲ ಅದರ ಲಕ್ಷಣ. ಈ ಸಂದೇಶಗಳು ಸಾಕ್ಷಿಯನ್ನು ನಿಷೇಧಿಸುತ್ತವೆ. ಹೆಂಡತಿಗೆ ಹೇಳಬೇಡ, ಮಗನಿಗೆ ಹೇಳಬೇಡ, ಬ್ಯಾಂಕಿನಲ್ಲಿ ಕೇಳಿದರೆ ಬೇರೆ ಕಾರಣವನ್ನು ಹೇಳು ಎಂಬ ಈ ಆಜ್ಞೆಯೇ ಕೂಟವನ್ನು ಸಾರುವ ಗುರುತು. ಬೇರೆ ಪರೀಕ್ಷೆಯು ಅದಕ್ಕಿಂತ ಬೇಗ ಫಲಿಸುವದನ್ನು ನಾವು ಕಾಣೆವು. ಇದರೊಡನೆ ಅವಸರವೂ ಇರುತ್ತದೆ. ಥ್ಯಾಕರೆಯು ವೈದ್ಯನನ್ನು ಬೇರೆಯಾಗಿ ಕಳಿಸಿದಂತೆ ಇಲ್ಲಿಯೂ ಬೇರೆ ದಾರಿಯನ್ನು ಹಿಡಿಯಬೇಕು. ಸಂದೇಶದಲ್ಲಿ ಕೊಟ್ಟ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವದೆಂದರೆ ಪತ್ರವನ್ನು ತಂದವನನ್ನೇ ಕೇಳಿದಂತೆ. ಫೋನನ್ನು ಕೆಳಗಿಟ್ಟು, ಬೈಲಹೊಂಗಲದ ಠಾಣೆಗೋ ತನ್ನ ಬ್ಯಾಂಕಿನ ಶಾಖೆಗೋ ತಾನಾಗಿ ಹೋಗಿ ಕೇಳುವದು ಪರೀಕ್ಷೆಯ ಸರಿಯಾದ ಮಾರ್ಗ.

ಫ್ಲೀಟನ ಪ್ರಸಂಗದಿಂದ ಕಲಿತದ್ದೂ ಇಲ್ಲಿ ಉಪಯೋಗಕ್ಕೆ ಬರುವದು. ಪಿ.ಎಂ. ಕಿಸಾನ್ ಕಂತು ಬಂದಿದೆ, ಈ ಕೊಂಡಿಯನ್ನು ಒತ್ತಿರಿ, ಈ ಕಡತವನ್ನು ಇಳಿಸಿಕೊಳ್ಳಿರಿ ಎಂಬ ಸುಳ್ಳು ಸಂದೇಶವು ರೈತರಿಗೆ ಬರುತ್ತದೆ. ಸಂದೇಶವು ಸುಳ್ಳು, ಕಿಸಾನ್ ಯೋಜನೆಯು ಸುಳ್ಳಲ್ಲ. ಒಮ್ಮೆ ಮೋಸಹೋದವನು ಮುಂದೆ ಬ್ಯಾಂಕಿನ ನಿಜವಾದ ಸೂಚನೆಯನ್ನೂ ಬೆಳೆವಿಮೆಯ ನಿಜವಾದ ಪತ್ರವನ್ನೂ ಹರಿದೊಗೆದರೆ, ವಂಚಕನಿಂದ ಆದ ಹಾನಿಗೆ ತಾನೇ ಇನ್ನೊಂದು ಹಾನಿಯನ್ನು ಕೂಡಿಸಿಕೊಂಡಂತಾಗುವದು. ಪತ್ರವನ್ನು ತಳ್ಳಿ, ವಿಷಯವನ್ನು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಹಣವು ಹೋಗಿಯೇ ಬಿಟ್ಟಿದ್ದರೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಕ್ಷಿಪ್ರವಾಗಿ ಸಾಗಿಸಿಬಿಡುವರಾದ್ದರಿಂದ, ನಡುವೆ ಎಲ್ಲಿಯಾದರೂ ಅದನ್ನು ತಡೆಹಿಡಿಯುವ ಸಾಧ್ಯತೆಯು ಮೊದಲ ಕೆಲವು ತಾಸುಗಳಲ್ಲಿಯೇ ಹೆಚ್ಚು. ಬಂದ ಸಂದೇಶವನ್ನು ನಾಚಿಕೆಯಿಂದ ಅಳಿಸಿಹಾಕುವವರು ಬಹಳ. ಹಾಗೆ ಮಾಡದೆ, ಸಂಖ್ಯೆ, ತೇದಿ, ವೇಳೆ, ಪತ್ರದ ಚಿತ್ರಗಳೊಡನೆ ಅದನ್ನು ಇದ್ದಂತೆಯೇ ಇಟ್ಟುಕೊಂಡು ಠಾಣೆಯಲ್ಲಿ ತೋರಿಸಬೇಕು. ಅಪರಾಧಕ್ಕೆ ಸಾಕ್ಷಿಯಾಗಿ ನಿಲ್ಲುವದು ಆ ಕೂಟಲೇಖವೇ.